ಬೇತಮಂಗಲದ ಪೈಪು, ನಮ್ಮ ಕಂಪಾಸು

ಬೇತಮಂಗಲದ ಕೆರೆಯಿಂದ ಕೆಜಿಎಫ್‌ಗೆ ನೀರು ತರುತ್ತಿದ್ದ ದೊಡ್ಡ ಪೈಪು ನಮ್ಮ ಕಾಲದ ಮಕ್ಕಳಿಗೆ ರಸ್ತೆಯಾಗಿತ್ತು. ಕೆಲವು ಕಡೆ ಮೊಣಕಾಲೆತ್ತರಕ್ಕೆ, ಹಳ್ಳ ಬಂದಲ್ಲಿ ಆಳೆತ್ತರಕ್ಕೆ, ಕಲ್ಲಿನ ಕಂಬಗಳ ಮೇಲೆ ಅದು ರಾಗಿ ಹೊಲಗಳನ್ನು ದಾಟಿಕೊಂಡು ಬರುತ್ತಿತ್ತು. ಮಳೆ ಬಂದಾಗ ಕೆಳಗೆಲ್ಲ ಕೆಸರು, ಪೈಪಿನ ಬೆನ್ನು ಮಾತ್ರ ಒಣಗಿರುತ್ತಿತ್ತು. ಸೌದೆ ಹೊತ್ತ ಹೆಂಗಸರು, ಶಿಫ್ಟು ಮುಗಿಸಿದ ಗಂಡಸರು, ಸ್ಲೇಟು ಹಿಡಿದ ಮಕ್ಕಳು ಎಲ್ಲರೂ ಅದರ ಮೇಲೆಯೇ ನಡೆಯುವುದು. ಎದುರಿನಿಂದ ದೊಡ್ಡವರು ಬಂದರೆ ಚಿಕ್ಕವರು ಕೆಳಗೆ ಹಾರಿ ದಾರಿ ಬಿಡಬೇಕು. ಅದು ಪೈಪಿನ ಮ್ಯಾನರ್ಸ್. ನಮ್ಮ ಕಾನ್ವೆಂಟಿನಲ್ಲಿ ಕಲಿಸಿದ ಮ್ಯಾನರ್ಸಿನಲ್ಲಿ ಅರ್ಧ ಮರೆತಿದ್ದೇನೆ, ಇದನ್ನು ಮರೆತಿಲ್ಲ.

ನಮ್ಮ ಮನೆ ಇದ್ದದ್ದು ಬಂಗಾರಪೇಟೆಯಲ್ಲಿ, ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ರೈಲ್ವೆಯವರು. ಬೆಳಿಗ್ಗೆ ಬ್ರಾಂಚ್ ಲೈನಿನ ಗಾಡಿ ಹತ್ತಿ ಊರಿಗಾಂನಲ್ಲಿ ಇಳಿದು, ಪೈಪು ಸಿಕ್ಕಷ್ಟು ದೂರ ಅದರ ಮೇಲೆಯೇ, ಕಾನ್ವೆಂಟಿಗೆ ನಡೆದು ಹೋಗುತ್ತಿದ್ದೆ, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಗಾಡಿಯ ಪ್ರತಿಯೊಬ್ಬ ಗಾರ್ಡೂ ಅಪ್ಪನ ಸ್ನೇಹಿತ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ನಾನು ಮನೆ ಮುಟ್ಟುವುದಕ್ಕೆ ಮುಂಚೆ ಆ ಸುದ್ದಿ ಮನೆ ಮುಟ್ಟಿರುತ್ತಿತ್ತು. ಹೈಸ್ಕೂಲಿನ ಹುಡುಗಿಯಾಗಿ ನಾನು ಒಬ್ಬಳೇ ನಡೆದ ಅತಿ ದೊಡ್ಡ ದೂರ ಎಂದರೆ ಊರಿಗಾಂ ಸ್ಟೇಷನ್ನಿನಿಂದ ಕಾನ್ವೆಂಟಿನ ಗೇಟು. ಅದೂ ಒಬ್ಬಳೇ ಅಲ್ಲ. ಸ್ಟೇಷನ್ನಿನ ಹೊರಗೆ ಊರಿಗಾಂ ಲೈನಿನ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳ, ಹುಡುಗಿಯೊಬ್ಬಳು ನನಗಾಗಿ ಕಾಯುತ್ತಿದ್ದಳು. ನನ್ನದೇ ಕ್ಲಾಸಿನವಳು, ಅವಳ ಅಪ್ಪ ಗಣಿಯ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮನೆಮಾತು ತಮಿಳು. ನನ್ನ ಜೊತೆ ಕನ್ನಡ, ಸಿಸ್ಟರ್‌ಗಳ ಜೊತೆ ಇಂಗ್ಲಿಷು, ಸಿಟ್ಟು ಬಂದರೆ ಮೂರೂ ಒಟ್ಟಿಗೆ.

ಕಾನ್ವೆಂಟಿಗೆ ಹುಡುಗಿಯರ ಕ್ಯಾಡೆಟ್ ತಂಡ ಬಂದದ್ದು ಅರವತ್ತರ ದಶಕದ ಆರಂಭದಲ್ಲಿ. ಬಿಳಿ ಸಲ್ವಾರ್ ಕಮೀಜು, ಸೊಂಟಕ್ಕೆ ಹಿತ್ತಾಳೆ ಬಕಲ್ಲಿನ ಬೆಲ್ಟು, ಓರೆಯಾಗಿ ಇಟ್ಟ ಟೋಪಿ. ನಮ್ಮಮ್ಮ ನೋಡಿ, "ಏನೇ ಇದು, ಬ್ಯಾಂಡ್‌ಸೆಟ್ಟಿಗೆ ಸೇರ್ಕೊಂಡ್ಯಾ?" ಎಂದರು. ಡ್ರಿಲ್ಲು ನನಗೆ ಅಷ್ಟೇನೂ ಒಲಿಯಲಿಲ್ಲ. ಎಡ ಬಲ ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ತಿರುಗುತ್ತಿದ್ದೆ. ಆಮೇಲೆ ಒಂದು ಶನಿವಾರ ಹವಾಲ್ದಾರರು ತೊಗಲಿನ ಚೀಲದಿಂದ ಕಂಪಾಸು ತೆಗೆದು ನನ್ನ ಅಂಗೈಯಲ್ಲಿಟ್ಟರು.

ಸೈನ್ಯದಿಂದ ನಮಗೆ ಟ್ರೇನಿಂಗ್ ಕೊಡಲು ಬರುತ್ತಿದ್ದ ಆ ಹವಾಲ್ದಾರರು ಮುಳಬಾಗಿಲ ಕಡೆಯವರು. ಏನನ್ನೇ ಆಗಲಿ ತೆಲುಗಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ ಹೇಳುವುದು ಅವರ ಅಭ್ಯಾಸ. ಕಂಪಾಸು ಹಿತ್ತಾಳೆಯದು, ಕೈಗೆ ಭಾರ. ಮುಚ್ಚಳ ತೆರೆದರೆ ಒಳಗೆ ನೀರಿನ ಮೇಲೆ ಎಲೆ ತೇಲುವ ಹಾಗೆ ಒಂದು ಡಯಲ್ಲು ಅಲುಗಾಡುತ್ತಿತ್ತು, ಆಮೇಲೆ ನಿಧಾನವಾಗಿ ನಿಲ್ಲುತ್ತಿತ್ತು. ನಾನು ಸುತ್ತ ತಿರುಗಿದೆ. ಅದು ನನ್ನ ಜೊತೆ ತಿರುಗಲಿಲ್ಲ.

ಇದನ್ನು ಇವತ್ತಿನವರಿಗೆ ಹೇಗೆ ಹೇಳಲಿ? ಕೆಜಿಎಫ್‌ನಲ್ಲಿ ಯಾರನ್ನು ದಾರಿ ಕೇಳಿದರೂ ಪೂರ್ವ ಪಶ್ಚಿಮ ಎನ್ನುತ್ತಿರಲಿಲ್ಲ. "ದಿಬ್ಬದ ಈ ಕಡೆ, ಶಾಫ್ಟಿನ ಆ ಕಡೆ" ಎನ್ನುತ್ತಿದ್ದರು. ದಿಬ್ಬ ಎಂದರೆ ಮಿಲ್ಲಿನಿಂದ ಬಂದ ಬೂದು ಮಣ್ಣಿನ ಗುಡ್ಡ, ಸೈನೈಡ್ ದಿಬ್ಬ. ಶಾಫ್ಟು ಎಂದರೆ ಗಣಿಯ ಬಾಯಿಯ ಮೇಲೆ ಚಕ್ರ ತಿರುಗುವ ಕಬ್ಬಿಣದ ಗೋಪುರ. ಇವೆರಡೂ ಕಾಣದ ಊರಿಗೆ ಹೋದರೆ ನಮ್ಮ ಹುಡುಗಿಯರಿಗೆ ದಿಕ್ಕೇ ಇರುತ್ತಿರಲಿಲ್ಲ. ಈಗ ದಿಕ್ಕು ನನ್ನ ಅಂಗೈಯಲ್ಲಿತ್ತು. ಆ ದಿನ ಗಾಡಿಯಲ್ಲಿ ಕೂತು ಮನೆಗೆ ಹೋಗುವಾಗ, ಯಾರ ಕೈಯೂ ಹಿಡಿಯದೆ ಎಲ್ಲಿಗೆ ಬೇಕಾದರೂ ಹೋಗಿ ಬರಬಲ್ಲೆ ಅನ್ನಿಸಿತು. ಬರೀ ಅನ್ನಿಸಿದ್ದಲ್ಲ, ಐ ವಾಸ್ ಶೂರ್.

ಬೇಗ ಕಲಿತೆ. ದೂರದ ಮರವೊಂದನ್ನು ಕಂಪಾಸಿನ ಸಣ್ಣ ಕಿಂಡಿಯಿಂದ ಗುರಿ ನೋಡಿದರೆ ಒಂದು ಅಂಕಿ ಸಿಗುತ್ತದೆ. ಅದೇ ಬೇರಿಂಗು, ನಾವು ನಡೆಯಬೇಕಾದ ದಿಕ್ಕಿನ ಅಂಕಿ. ಮರ ಮುಟ್ಟಿದ ಮೇಲೆ ಹಿಂದಿರುಗಿ ಹೊರಟ ಜಾಗವನ್ನು ನೋಡಿದರೆ ಅದಕ್ಕೆ ನೇರ ತಿರುಗುಮುರುಗಾದ ಅಂಕಿ ಬರಬೇಕು, ಅದು ಬ್ಯಾಕ್ ಬೇರಿಂಗು. ಎರಡೂ ತಾಳೆಯಾದರೆ ನೀವು ಸರಿಯಾಗಿ ಬಂದಿದ್ದೀರಿ. ಹವಾಲ್ದಾರರ ಒಂದೇ ಕಟ್ಟಪ್ಪಣೆ: "ಇನುಮು ವದ್ದಮ್ಮಾ, ಕಬ್ಬಿಣ ಬೇಡ. ಹಿತ್ತಾಳೆ ಇರಲಿ. ಕಬ್ಬಿಣ ಹತ್ರ ಬಂದ್ರೆ ಇದಕ್ಕೆ ತಲೆ ಕೆಡ್ತದೆ." ಕಂಪಾಸು ಮುಟ್ಟುವ ಮೊದಲು ನಾವು ಹೇರ್‌ಪಿನ್ನು, ಪಿನ್ನು, ಜಾಮಿಟ್ರಿ ಬಾಕ್ಸಿನ ಕೈವಾರ ಎಲ್ಲ ತೆಗೆದು ಕರ್ಚೀಫಿನಲ್ಲಿ ಕಟ್ಟಿ ದೂರ ಇಡುತ್ತಿದ್ದೆವು. ಮಡಿ ಉಟ್ಟವರ ಹಾಗೆ.

ಆ ವರ್ಷ ಜಿಲ್ಲೆಯ ಹೈಸ್ಕೂಲು ಕ್ಯಾಡೆಟ್ ತಂಡಗಳಿಗೆಲ್ಲ ಒಂದು ಸ್ಪರ್ಧೆ ಎಂದು ಸುದ್ದಿ ಬಂತು. ನಕ್ಷೆ, ಕಂಪಾಸು ಹಿಡಿದು ಹೊಲ ಗುಡ್ಡ ದಾಟಿ, ಅಡಗಿಸಿಟ್ಟ ಮೂರು ಬಾವುಟಗಳನ್ನು ಹುಡುಕಬೇಕು. ಪ್ರತಿ ಬಾವುಟದ ಹತ್ತಿರ ಒಬ್ಬ ಸೆಂಟ್ರಿ ಕೂತಿರುತ್ತಾನೆ, ಕಾರ್ಡಿಗೆ ಸ್ಟಾಂಪು ಹಾಕುತ್ತಾನೆ. ಸಂಜೆ ಕ್ಯಾಂಪಿನ ಬಾವುಟ ಇಳಿಸುವುದರೊಳಗೆ ಮೂರು ಸ್ಟಾಂಪಿನೊಂದಿಗೆ ಕ್ಯಾಂಪು ಸೇರಬೇಕು. ಮೊದಲು ಬಂದವರಿಗೆ ಬಹುಮಾನದ ಕಪ್ಪು. ಹುಡುಗಿಯರ ತಂಡ ಕಳಿಸುತ್ತೇವೆಂದು ಮುಂದೆ ಬಂದದ್ದು ನಮ್ಮ ಕಾನ್ವೆಂಟು ಮಾತ್ರ. ಮುಂದೆ ಬಂದವರು ಎಂದರೆ ನಮ್ಮ ಪಿ.ಟಿ. ಮಿಸ್ಸು. ಮದರ್ ಸುಪೀರಿಯರ್ ಅಲ್ಲ.

ಮದರ್ ನಮ್ಮನ್ನು ಆಫೀಸಿಗೆ ಕರೆದರು. ಎತ್ತರದ, ತೆಳ್ಳಗಿನ ಹೆಂಗಸು, ದನಿ ಎಂದೂ ಏರಿಸಿದವರಲ್ಲ. ಮೇಜಿನ ಮೇಲೆ ಒಂದು ವಿಷಲ್ ಇತ್ತು. ದಾರಿ ತಪ್ಪಿದ ತಂಡ ಮೂರು ಸಲ ಊದಿದರೆ ಜೀಪು ಬಂದು ಹತ್ತಿಸಿಕೊಂಡು ಹೋಗುತ್ತದೆ, ಅದೇ ರೂಲು. ಮದರ್ ವಿಷಲನ್ನು ನನ್ನ ಕೊರಳಿಗೆ ತಾವೇ ಹಾಕಿದರು. ಆಮೇಲೆ ಇಂಗ್ಲಿಷಿನಲ್ಲಿ, ಪ್ರತಿ ಪದವನ್ನೂ ಬಿಡಿಸಿ ಬಿಡಿಸಿ ಹೇಳಿದರು: "ಅಪಾಯವಾದರೆ ಖಂಡಿತ ಊದಬೇಕು, ನಾಚಿಕೆ ಬೇಡ. ಆದರೆ ಹೀಗೆ ಗುಡ್ಡಗಾಡಿನಲ್ಲಿ ಅಲೆದು, ಜೀಪಿನಲ್ಲಿ ಹುಡುಗರ ಜೊತೆ ಕೂತು ಬರುವ ಹುಡುಗಿಯರ ಬಗ್ಗೆ ಅವರ ತಂದೆತಾಯಿಗಳ ಮುಂದೆ ನಾನು ಉತ್ತರ ಕೊಡಲಾರೆ. ನಿಮ್ಮನ್ನು ಯಾರಾದರೂ ಕರೆತರಬೇಕಾಗಿ ಬಂದರೆ ಈ ಬೆಲ್ಟುಗಳೆಲ್ಲ ಅವತ್ತೇ ಸ್ಟೋರಿಗೆ ವಾಪಸ್ಸು. ನೀವು ಕಪ್ಪು ತರಬೇಕೆಂದು ನಾನು ಕೇಳುತ್ತಿಲ್ಲ. ನಡೆದು ಬನ್ನಿ."

"ಯೆಸ್ ಮದರ್," ಎಂದೆ. ನಾನು ಕಪ್ಪನ್ನೇ ತರುತ್ತೇನೆಂದು ಒಳಗೊಳಗೇ ತೀರ್ಮಾನಿಸಿಯಾಗಿತ್ತು.

ತಂಡಕ್ಕೆ ಮೂವರು. ಕಂಪಾಸಿಗೆ ನಾನು, ಲೀಡರೂ ನಾನೇ. ನಕ್ಷೆಗೆ ಊರಿಗಾಂ ಹುಡುಗಿ. ಹೆಜ್ಜೆ ಎಣಿಸುವುದಕ್ಕೆ ಬೂದಿಕೋಟೆಯ ಒಬ್ಬಳು. ಹೊಲಗದ್ದೆಯ ಮನೆಯವಳು, ಓದಿಗಾಗಿ ಕೆಜಿಎಫ್‌ನ ಸೋದರತ್ತೆಯ ಮನೆಯಲ್ಲಿದ್ದಳು. ದೂರ ಅಳೆಯಲು ಹೆಜ್ಜೆಗಳ ಲೆಕ್ಕ ತಪ್ಪಬಾರದು ತಾನೇ, ಅದಕ್ಕೆ ಹವಾಲ್ದಾರರು ಗೋಲಿ ಕೊಟ್ಟು, ನೂರಕ್ಕೊಂದು ಈ ಜೇಬಿನಿಂದ ಆ ಜೇಬಿಗೆ ಹಾಕು ಎಂದರು. ಅವಳು ಗೋಲಿ ವಾಪಸ್ಸು ಕೊಟ್ಟು ಹುರಿದ ಹುಣಸೆಬೀಜ ತಂದಳು. ನೂರು ಹೆಜ್ಜೆಗೆ ಒಂದು ಬೀಜ ಬಾಯಿಗೆ.

"ತಿಂದುಬಿಟ್ರೆ ಲೆಕ್ಕ ಹೆಂಗೇ ಸಿಗುತ್ತೆ?" ಎಂದು ನಾನು ಕೇಳಿದೆ.

"ಎಷ್ಟ್ ಬೇಕೋ ಅಷ್ಟೇ ಎಣಿಸ್ಕೊಂಡು ಒರಡ್ತೀನಿ ಕಣೇ. ಬೀಜ ಮುಗೀತು ಅಂದ್ರೆ ಊರು ಬಂತು ಅಂತ."

"ಹಸಿವಾದ್ರೆ ಊರು ಬೇಗ ಬಂದುಬಿಡ್ತದೆ ಇವಳಿಗೆ," ಎಂದಳು ಊರಿಗಾಂ ಹುಡುಗಿ.

ಕ್ಯಾಂಪು ಬೇತಮಂಗಲದ ಕೆರೆಯ ಕೆಳಗಿನ ಮಾವಿನ ತೋಪಿನಲ್ಲಿ. ಸಾಲಾಗಿ ಟೆಂಟುಗಳು, ಒಂದು ಧ್ವಜಸ್ತಂಭ, ದೊಡ್ಡ ಹಂಡೆಯಲ್ಲಿ ಉಪ್ಪಿಟ್ಟು. ಕೋಲಾರ, ಮಾಲೂರು, ಮುಳಬಾಗಿಲು ಕಡೆಯ ಹುಡುಗರು, ಕೆಜಿಎಫ್‌ನ ಹುಡುಗರ ಶಾಲೆಯವರು. ನಾವು ಮೂವರು ಹುಡುಗಿಯರು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಹುಡುಗರು ಆಕಾಶ ನೋಡಿದರು. ಆ ಕಾಲದ ಹುಡುಗರು, ಪಾಪ, ಹುಡುಗಿಯರು ಕಂಡರೆ ಆಕಾಶ ನೋಡುವುದು ಬಿಟ್ಟು ಬೇರೇನೂ ತೋಚುತ್ತಿರಲಿಲ್ಲ. ಕೆಜಿಎಫ್ ಹುಡುಗರ ಲೀಡರು ಮಾತ್ರ ಸ್ವಲ್ಪ ಜೋರು. ನನಗೆ ಕೇಳಿಸುವಂತೆ ತನ್ನ ಗೆಳೆಯನಿಗೆ ಹೇಳಿದ: "ಲೇ, ಇವತ್ತು ಜೀಪಲ್ಲಿ ಜಾಗ ಇರಲ್ಲ ಕಣ್ಲಾ. ಕಾನ್ವೆಂಟ್‌ನೋರು ರಿಸರ್ವ್ ಮಾಡವ್ರೆ."

ನಾನು ವಿಷಲನ್ನು ಕಮೀಜಿನ ಒಳಗೆ ಸೇರಿಸಿಕೊಂಡೆ.

ತಂಡಗಳನ್ನು ಒಂದೊಂದಾಗಿ, ನಡುವೆ ಅಂತರ ಬಿಟ್ಟು ಕಳಿಸಿದರು. ಮೊದಲ ಬಾವುಟ ಸುಲಭ. ನಕ್ಷೆಯಲ್ಲಿ ಗುರುತಿತ್ತು: ಗಾಡಿದಾರಿಯೊಂದು ನೀರಿನ ಪೈಪಿನ ಕೆಳಗೆ ನುಗ್ಗುವ ಜಾಗ. ಅಲ್ಲಿ ಪೈಪು ಆಳೆತ್ತರಕ್ಕಿತ್ತು, ಪಕ್ಕದಲ್ಲಿ ಒಂಟಿ ಹುಣಸೆಮರ. ಮರದ ನೆರಳಲ್ಲಿ ಸೆಂಟ್ರಿ ಕೂತಿದ್ದ, ದೂರದ ಊರಿನ ಕ್ಯಾಡೆಟ್ಟು, ಯಾರ ಜೊತೆಯೂ ಮಾತಾಡಕೂಡದೆಂದು ಆರ್ಡರ್ ಆದವನು. ಕಾರ್ಡಿಗೆ ಸ್ಟಾಂಪು ಹಾಕಿ ಒಂದು ಚೀಟಿ ಕೊಟ್ಟ. ಎರಡನೆಯ ಬಾವುಟಕ್ಕೆ ನಕ್ಷೆಯಲ್ಲಿ ಗುರುತಿಲ್ಲ. ಈ ಜಾಗದಿಂದ ಬೇರಿಂಗು ಇಷ್ಟು, ದೂರ ಇಷ್ಟು, ಅಷ್ಟೇ.

ನಾವು ಮೂವರೂ ಒಂದೇ ಉಸಿರಿಗೆ ಪೈಪು ಹತ್ತಿದೆವು. ಇದಕ್ಕೆ ಚರ್ಚೆಯೇನೂ ನಡೆಯಲಿಲ್ಲ. ಪೈಪು ಕಂಡರೆ ಹತ್ತುವುದು. ಮೇಲಿಂದ ಚೆನ್ನಾಗಿ ಕಾಣುತ್ತದೆ ಎಂಬುದು ಒಂದು, ಮೇಲೆ ನಿಂತರೆ ನಮ್ಮೂರಿನಲ್ಲೇ ನಿಂತ ಹಾಗೆ ಎಂಬುದು ಇನ್ನೊಂದು. ಅಲ್ಲಿ ನಿಂತು ನಾನು ಶಾಸ್ತ್ರೋಕ್ತವಾಗಿ ಎಲ್ಲ ಮಾಡಿದೆ. ಜಡೆಯ ಹೇರ್‌ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಕೊಟ್ಟೆ. ಬೂದಿಕೋಟೆಯವಳು ಅವನ್ನು ಕರ್ಚೀಫಿನಲ್ಲಿ ಕಟ್ಟಿ ಕೆಳಗಿಳಿದು ದೂರ ಹಿಡಿದು ನಿಂತಳು. ಊರಿಗಾಂ ಹುಡುಗಿ ತನ್ನ ಕಾಲರಿನ ಪಿನ್ನನ್ನೂ ಬಿಚ್ಚಿ ಅವಳತ್ತ ಎಸೆದಳು. ಡಯಲ್ಲು ತೇಲಿತು, ಅಲುಗಾಡಿತು, ನಿಂತಿತು. ಬಂಡೆಯ ಹಾಗೆ ನಿಂತಿತು. ಅಷ್ಟು ಭದ್ರವಾಗಿ ಅದು ನಿಂತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಕಿಂಡಿಯಲ್ಲಿ ದೂರದ ಗುಂಡುಬಂಡೆಗಳ ಗುಡ್ಡವೊಂದು ಸರಿಯಾಗಿ ಬಂದು ಕೂತಿತು.

"ಅದೇ ಗುಡ್ಡ," ಎಂದೆ. "ನೋ ಡೌಟ್."

ಕೆಳಗೆ ಸೆಂಟ್ರಿ ಟೋಪಿ ಸರಿಮಾಡಿಕೊಂಡು ಮುಖ ಆ ಕಡೆ ತಿರುಗಿಸಿದ. ನಗು ತಡೆದುಕೊಳ್ಳುತ್ತಿದ್ದಾನೆ ಅನ್ನಿಸಿತು. ಹುಡುಗಿಯರನ್ನು ಕಂಡು ನಾಚಿದನೆಂದುಕೊಂಡೆ.

ಬದುಗಳ ಮೇಲೆ, ಬಂದರಿಕೆ ಪೊದೆಗಳ ಸಂದಿಯಲ್ಲಿ ನಡೆದೆವು. ಕೊಯ್ದು ಮುಗಿದ ಹೊಲಗಳಲ್ಲಿ ರಾಗಿಯ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಬೂದಿಕೋಟೆಯವಳು ತುಟಿಯಲ್ಲೇ ಎಣಿಸುತ್ತಾ ನಡುನಡುವೆ ಕಟುಂ ಕಟುಂ ಎಂದು ಬೀಜ ಕಡಿಯುತ್ತಿದ್ದಳು. ಬಿಸಿಲು ಚೆನ್ನಾಗಿ ಏರಿತ್ತು. ನಾನು ಮುಂದೆ. ನನ್ನ ನೆರಳನ್ನು ನಾನೇ ತುಳಿದುಕೊಂಡು, ಯಾರಪ್ಪನ ಅಪ್ಪಣೆಯೂ ಇಲ್ಲದೆ, ಯಾವ ಗಾರ್ಡಿನ ಕಣ್ಣೂ ಇಲ್ಲದೆ ನಡೆಯುತ್ತಿದ್ದೆ. ಆ ಅರ್ಧ ಗಂಟೆಯ ಸುಖವನ್ನು ಆಮೇಲೆ ವಿಮಾನದಲ್ಲಿ ಕೂತಾಗಲೂ ನಾನು ಕಂಡಿಲ್ಲ.

ಗುಡ್ಡದ ತಲೆ ಮುಟ್ಟಿದಾಗ ಬೂದಿಕೋಟೆಯವಳು ಖಾಲಿ ಜೇಬು ಕೊಡವಿ ತೋರಿಸಿದಳು. "ಬೀಜ ಆಗೋಯ್ತು. ಬಂದ್ವಿ."

ಬಾವುಟ ಇರಲಿಲ್ಲ. ಸೆಂಟ್ರಿ ಇರಲಿಲ್ಲ. ಬಂಡೆಯ ನೆರಳಿನಲ್ಲಿ ಕೆಜಿಎಫ್‌ನ ಮೂವರು ಹುಡುಗರು ಮಾತ್ರ ಕಾಲು ಚಾಚಿ ಕೂತಿದ್ದರು.

ನಮ್ಮನ್ನು ನೋಡಿ ಅವರ ಲೀಡರಿಗೆ ಎಷ್ಟು ಸಮಾಧಾನವಾಯಿತೆಂದರೆ ಆಕಾಶ ನೋಡುವುದನ್ನೂ ಮರೆತ. "ಬನ್ರಮ್ಮಾ, ಬನ್ನಿ. ನಿಮ್ಗೂ ಇದೇ ಗುಡ್ಡ ಬಂತಾ? ಅಂಗಾದ್ರೆ ನಾವು ತಪ್ಪಿಲ್ಲ. ಬಾವುಟಾನ ಯಾವ್ದೋ ಮೇಕೆ ತಿಂದ್ಬುಟ್ಟೈತೆ."

"ಸೆಂಟ್ರೀನೂ ತಿಂತಾ ಮೇಕೆ?" ಎಂದಳು ಊರಿಗಾಂ ಹುಡುಗಿ.

"ಅದು ಗೊತ್ತಿಲ್ಲ. ನಾವು ವಿಷಲ್ ಊದಾಯ್ತು. ಮೂರ್ ಸಲ. ಜೀಪ್ ಬತ್ತದೆ, ಕೂತ್ಕಳಿ. ಬೇಕಾದ್ರೆ ಮುಂದಿನ ಸೀಟ್ ನಿಮ್ಗೇ."

ಬೂದಿಕೋಟೆಯವಳು ನನ್ನ ಮುಖ ನೋಡಿದಳು. ಅವಳ ಮುಖ ಬಿಸಿಲಿಗೆ ಕೆಂಪಾಗಿತ್ತು, ಚಪ್ಪಲಿಯ ಪಟ್ಟಿ ಅರ್ಧ ಕಿತ್ತಿತ್ತು. "ಬೆಲ್ಟು ಕೊಟ್ಬುಡ್ಬೇಕಾಯ್ತದೇನೇ?" ಎಂದಳು, ಮೆಲ್ಲಗೆ. ಬೆಲ್ಟನ್ನು ಅವಳು ದಿನಾ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದದ್ದು ನನಗೆ ಗೊತ್ತಿತ್ತು. ಬೂದಿಕೋಟೆಗೆ ರಜಕ್ಕೆ ಹೋಗುವಾಗಲೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು.

"ಯಾರೂ ಏನೂ ಕೊಡಬೇಕಾಗಿಲ್ಲ," ಎಂದೆ. "ನೀರು ಕುಡೀರಿ."

ಹಾಗೆ ಹೇಳಿದ್ದೇನೋ ಸರಿ. ಒಳಗೆ ಮಾತ್ರ ಮದರ್ ದನಿ ಕೇಳಿಸುತ್ತಿತ್ತು. ಜೀಪಿನಲ್ಲಿ, ಹುಡುಗರ ಜೊತೆ. ಮದರ್ ಊಹಿಸಿದ್ದಕ್ಕಿಂತ ಒಂದು ಕೂದಲೂ ಕಡಿಮೆಯಿಲ್ಲದ ಹಾಗೆ ಎಲ್ಲ ಸಿದ್ಧವಾಗಿ ಕೂತಿತ್ತು. ನಾಳೆಯಿಂದ ಮತ್ತೆ ಬಂಗಾರಪೇಟೆ, ಊರಿಗಾಂ, ಬಂಗಾರಪೇಟೆ, ಕಿಟಕಿಯ ಪಕ್ಕದ ಸೀಟು, ಗಾರ್ಡು ಮಾವನವರು.

ನಾನು ತಪ್ಪಿರಲಾರೆ ಎಂಬ ನಂಬಿಕೆ ಮಾತ್ರ ಅಲುಗಾಡಲಿಲ್ಲ. ಅಹಂಕಾರ ಅನ್ನಿ, ಪರವಾಗಿಲ್ಲ. ನನ್ನ ಕೈ ಸರಿಯಾಗಿ ಹಿಡಿದಿತ್ತು, ಕಣ್ಣು ಸರಿಯಾಗಿ ನೋಡಿತ್ತು. ಹಾಗಾದರೆ ಪರೀಕ್ಷೆ ಮಾಡೋಣ. ಬಂಡೆಯ ತುದಿಗೆ ಹೋಗಿ ಹಿಂದಿರುಗಿ ಆ ಒಂಟಿ ಹುಣಸೆಮರಕ್ಕೆ ಗುರಿಯಿಟ್ಟೆ. ಬ್ಯಾಕ್ ಬೇರಿಂಗು ಬಂತು. ತಾಳೆಯಾಗಲಿಲ್ಲ. ಸ್ವಲ್ಪವಲ್ಲ, ತೀರಾ ಬೇರೆ. ಜಾಗ ಬದಲಾಯಿಸಿ ಮತ್ತೆ ನೋಡಿದೆ. ಅದೇ ಅಂಕಿ.

"ಕಂಪಾಸ್ ಕೆಟ್ಟೈತೆ," ಎಂದ ಹುಡುಗ.

"ಕೆಟ್ಟಿದ್ರೆ ಎರಡು ಸಲ ಒಂದೇ ಅಂಕಿ ಯಾಕೆ ಬರುತ್ತೆ?" ಎಂದೆ. ಒಂದು ಕಡೆ ಸರಿ ಹೇಳುತ್ತಿದೆ, ಇನ್ನೊಂದು ಕಡೆ ಸುಳ್ಳು ಹೇಳಿದೆ. ಯಾವ ಕಡೆ?

ಆಗ ಗಾಳಿ ಬೀಸಿತು. ಪಿನ್ನಿಲ್ಲದ ಕೂದಲೆಲ್ಲ ಹಾರಿ ಕಣ್ಣಿಗೆ, ಬಾಯಿಗೆ ನುಗ್ಗಿತು. "ಅಯ್ಯೋ, ಪಿನ್ ಕೊಡೇ ಇಲ್ಲಿ," ಎಂದು ಬೂದಿಕೋಟೆಯವಳತ್ತ ಕೈ ಚಾಚಿದೆ. ಅವಳು ಕರ್ಚೀಫಿನ ಗಂಟು ಬಿಚ್ಚುತ್ತಾ ಹತ್ತಿರ ಬಂದಳು, ಡಯಲ್ಲು ಒಂದಿಷ್ಟು ನಡುಗಿತು. ಅಷ್ಟು ಸಣ್ಣ ಪಿನ್ನಿಗೆ. ಕೈ ಚಾಚಿದ್ದು ಹಾಗೇ ಇತ್ತು, ನನಗೆ ನಗು ಬಂದುಬಿಟ್ಟಿತು. ಎಂಥ ನಗು ಎಂದರೆ ಬಂಡೆಯ ಮೇಲೆ ಕೂತುಬಿಟ್ಟೆ.

"ಎನ್ನಡೀ ಆಚ್ಚು, ಏನಾಯ್ತೇ? ಬಿಸಿಲು ತಲೆಗೆ ಹೋಯ್ತಾ?" ಎಂದಳು ಊರಿಗಾಂ ಹುಡುಗಿ.

"ನಾವು ಎಲ್ಲಿ ನಿಂತು ಬೇರಿಂಗ್ ತಗೊಂಡ್ವಿ?"

"ಪೈಪ್ ಮೇಲೆ."

"ಪೈಪು ಯಾತರದ್ದು?"

ಅವಳು ತಮಿಳಿನಲ್ಲಿ ಏನೋ ಅಂದಳು, ಅದನ್ನು ಬರೆಯುವ ಹಾಗಿಲ್ಲ. ಬೂದಿಕೋಟೆಯವಳು ಕರ್ಚೀಫಿನ ಪಿನ್ನುಗಳನ್ನು ನೋಡಿದಳು, ದೂರದಲ್ಲಿ ಹೊಲಗಳ ಮೇಲೆ ಉದ್ದಕ್ಕೆ ಮಲಗಿದ್ದ ಪೈಪನ್ನು ನೋಡಿದಳು. "ನಾಕ್ ಪಿನ್ ತಗ್ದು ಕೊಟ್ಟು ಇಡೀ ಕಬ್ಣದ್ ಮೇಲೇ ನಿಂತಿದ್ದ್ಯಲ್ಲೇ ನಮ್ಮವ್ವಾ! ನಾನೇನೋ ಪಿನ್ ಇಡ್ಕೊಂಡು ಮೈಲಿ ದೂರ ನಿಂತೀನಿ!"

ಸ್ಕೂಲಿಗೆ ಸೇರಿದಂದಿನಿಂದ ಅದರ ಮೇಲೆ ನಡೆದವರು ನಾವು. ಅದು ದಾರಿ. ದಾರಿ ಯಾವುದರದ್ದು ಎಂದು ಯಾರು ಕೇಳುತ್ತಾರೆ? ಕೋಲಾರದ ಹುಡುಗರು, ಮಾಲೂರಿನ ಹುಡುಗರು ಅಲ್ಲಿಗೆ ಬಂದಾಗ, ನಮಗೆ ಆಮೇಲೆ ತಿಳಿದ ಹಾಗೆ, ಪೈಪಿನ ಕೆಳಗೆ ನುಗ್ಗಿ ಹೊಲಕ್ಕೆ ಹೋಗಿ ನಿಂತಿದ್ದರು. ಅವರಿಗೆ ಅದು ಪೈಪು. ಕೆಜಿಎಫ್‌ನವರು ಎಷ್ಟು ಮಂದಿ ಬಂದರೋ ಅಷ್ಟು ಮಂದಿಯೂ ಅದರ ಮೇಲೆ ಹತ್ತಿದ್ದರು.

ನಾನು ಹುಡುಗರಿಗೂ ಹೇಳಿದೆ. "ನೀವೂ ಪೈಪ್ ಮೇಲೇ ನಿಂತಿರಿ ತಾನೇ?"

"ಮತ್ತೆಲ್ ನಿಂತ್ಕಬೇಕು?" ಎಂದ ಲೀಡರು. ಹೇಳಿ ಮುಗಿಸುವಷ್ಟರಲ್ಲಿ ಅವನಿಗೂ ಹೊಳೆಯಿತು. ಟೋಪಿ ತೆಗೆದು ತೊಡೆಗೆ ಬಡಿದುಕೊಂಡ. ಪಾಪ, ಅವನ ವಿಷಲ್ ಊದಿಯಾಗಿತ್ತು. ಊದಿದ ತಂಡ ಅಲ್ಲಿಗೆ ಔಟು.

ನಮ್ಮದು ಊದಿರಲಿಲ್ಲ. ನಕ್ಷೆಯನ್ನು ಬಂಡೆಯ ಮೇಲೆ ಹರಡಿದೆವು. ಹುಣಸೆಮರದಿಂದ ಒಂದು ಗೆರೆ, ಕಂಪಾಸು ಸುಳ್ಳು ಹೇಳಿ ನಮ್ಮನ್ನು ಕರೆತಂದ ದಾರಿ. ಅದೇ ಮರದಿಂದ ಇನ್ನೊಂದು ಗೆರೆ, ಚೀಟಿಯ ಬೇರಿಂಗಿನ ಪ್ರಕಾರ ನಾವು ಹೋಗಬೇಕಾಗಿದ್ದ ದಾರಿ, ಅದರ ಮೇಲೆ ಅಷ್ಟೇ ದೂರ. ಎರಡು ಗೆರೆಯೂ ಬಿಚ್ಚಿದ ಕತ್ತರಿಯ ಹಾಗೆ ಕಂಡವು. ನಾವು ಒಂದು ಅಲಗಿನ ತುದಿಯಲ್ಲಿ, ಬಾವುಟ ಇನ್ನೊಂದರ ತುದಿಯಲ್ಲಿ. ಈ ತುದಿಯಿಂದ ಆ ತುದಿಗೆ ಮೂರನೆಯ ಗೆರೆ ಎಳೆದೆ. ಮರದ ತನಕ ಹಿಂದಕ್ಕೆ ಹೋಗುವ ಅಗತ್ಯವೇ ಇರಲಿಲ್ಲ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸಿಸ್ಟರ್ ಜಾಮಿಟ್ರಿ ಕ್ಲಾಸಿನಲ್ಲಿ ತ್ರಿಭುಜದ ಮೇಲೆ ತ್ರಿಭುಜ ಬರೆಸಿ ಕೈ ನೋಯಿಸಿದ್ದು ಆ ಮಧ್ಯಾಹ್ನಕ್ಕಾಗಿಯೇ ಇರಬೇಕು.

"ಬೀಜ?" ಎಂದೆ.

ಬೂದಿಕೋಟೆಯವಳು ಆಗಲೇ ಮಡಿಲಿಗೆ ಬೆಣಚುಕಲ್ಲು ಆರಿಸುತ್ತಿದ್ದಳು. "ಈ ಸಲ ತಿನ್ನೋದಿಲ್ಲ, ಎಸ್ಯೋದು."

ಇಳಿದು ಗಾಡಿದಾರಿ ದಾಟುವಾಗ ಧೂಳೆಬ್ಬಿಸಿಕೊಂಡು ಜೀಪು ಬಂತು. ಹುಡುಗರನ್ನು ಹತ್ತಿಸಿಕೊಳ್ಳಲು ಹೊರಟಿತ್ತು. ಮುಂದೆ ಕೂತಿದ್ದ ಹವಾಲ್ದಾರರು ನಮ್ಮನ್ನು ನೋಡಿ ನಿಲ್ಲಿಸಿದರು.

"ಊದಿದ್ದು ನೀವಾ ಅಮ್ಮಾ?"

"ನಾವಲ್ಲ ಸರ್."

ಅವರು ನನ್ನ ಕೆದರಿದ ಕೂದಲು, ಬೂದಿಕೋಟೆಯವಳ ಕಿತ್ತ ಚಪ್ಪಲಿ, ಊರಿಗಾಂ ಹುಡುಗಿಯ ಗೀಚಿದ ಮೊಣಕೈ ನೋಡಿದರು. ದನಿ ಇಳಿಸಿ ಹೇಳಿದರು: "ಎಕ್ಕಂಡಮ್ಮಾ, ಹತ್ಕೊಳ್ಳಿ. ತುಂಬಾ ದೂರ ಇದೆ. ಹೊತ್ತು ಇಳೀತಾ ಇದೆ. ಯಾರೂ ಏನೂ ಅನ್ನಲ್ಲ."

ಊರಿಗಾಂ ಹುಡುಗಿ ಜೀಪಿನ ಸೀಟನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ಆಸೆಯ ನೋಟ. ಆದರೂ ಬಾಯಿ ತೆಗೆದವಳು ಅವಳೇ: "ಥ್ಯಾಂಕ್ಯೂ ಸರ್. ನಮ್ಮ ಲೀಡರಮ್ಮಂಗೆ ಜೀಪ್ ಕಬ್ಬಿಣ. ಹತ್ತಿದ್ರೆ ತಲೆ ಕೆಡ್ತದೆ."

ಅವರಿಗೆ ಅರ್ಥವಾಯಿತೋ ಇಲ್ಲವೋ, ಡ್ರೈವರಿಗೆ ಹೋಗು ಎಂದರು. ಧೂಳು ಇಳಿಯುವ ತನಕ ನಾವು ಕಣ್ಣು ಮುಚ್ಚಿ ನಿಂತಿದ್ದೆವು, ಆಮೇಲೆ ಮತ್ತೆ ಕಂಪಾಸು ತೆರೆದೆ.

ಎರಡನೆಯ ಬಾವುಟ ಹೊಂಗೆ ಗುಂಪಿನ ಹಿಂದೆ, ತಗ್ಗು ಬಂಡೆಯೊಂದರ ಬುಡದಲ್ಲಿತ್ತು. ಬೂದಿಕೋಟೆಯವಳ ಕೈಯಲ್ಲಿ ಇನ್ನೂ ಒಂದು ಕಲ್ಲು ಉಳಿದಿತ್ತು. ಅದನ್ನು ಅವಳು ಬಾವುಟದ ಕೋಲಿಗೆ ಗುರಿಯಿಟ್ಟು ಹೊಡೆದಳು. ನಿದ್ದೆಹೋಗಿದ್ದ ಸೆಂಟ್ರಿ ಎದ್ದು ಅಟೆನ್ಷನ್ನಿಗೆ ನಿಂತ. ಮೂರನೆಯದಕ್ಕೆ ನಾವು ನಡೆಯಲಿಲ್ಲ, ಓಡಿದೆವು. ಬೂದಿಕೋಟೆಯವಳು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಮ್ಮಿಬ್ಬರನ್ನೂ ಹಿಂದೆ ಹಾಕಿದಳು.

ಮಾವಿನ ತೋಪು ಕಂಡಾಗ ಬಿಸಿಲು ಕೆರೆಯ ಏರಿಯ ಮೇಲೆ ಮಾತ್ರ ಉಳಿದಿತ್ತು. ತಂಡಗಳೆಲ್ಲ ಧ್ವಜಸ್ತಂಭದ ಸುತ್ತ ಸಾಲಾಗಿ ನಿಂತಿದ್ದವು. ಒಬ್ಬ ಕ್ಯಾಡೆಟ್ಟು ಹಗ್ಗದ ಗಂಟಿಗೆ ಕೈ ಹಾಕಿದ್ದ. ನಮ್ಮ ಮಿಸ್ಸು ತೋಪಿನ ಅಂಚಿನಲ್ಲಿ ಒಬ್ಬರೇ ನಿಂತಿದ್ದರು, ಸೆರಗನ್ನು ಎರಡು ಕೈಯಲ್ಲೂ ಹಿಂಡುತ್ತಾ. ನಮ್ಮನ್ನು ಕಂಡು ಶಿಸ್ತೆಲ್ಲ ಮರೆತು ಕೂಗಿದರು: "ಬಿಚ್ಚಬೇಡಪ್ಪಾ! ಇನ್ನೂ ಬಿಚ್ಚಬೇಡ! ನನ್ನ ಮಕ್ಕಳು ಬಂದ್ರು!"

ಹಗ್ಗ ಹಿಡಿದವನು ಹಾಗೇ ನಿಂತ. ನಾನು ಕಾರ್ಡು ಕೊಟ್ಟೆ. ಮೂರು ಸ್ಟಾಂಪು. ಆಮೇಲೆ ಬಾವುಟ ಇಳಿಯಿತು.

ಕಪ್ಪು ಕೋಲಾರದ ಹುಡುಗರಿಗೆ ಹೋಯಿತು. ಮುಗಿಸಿದವರಲ್ಲಿ ನಾವೇ ಕೊನೆ. ಆದರೆ ಕೆಜಿಎಫ್‌ನ ತಂಡಗಳಲ್ಲಿ ಮುಗಿಸಿದವರು ನಾವೊಬ್ಬರೇ. ಇದನ್ನು ಮಿಸ್ಸು ಆ ರಾತ್ರಿಯ ಊಟದ ಸಾಲಿನಲ್ಲಿ ಪ್ರತಿಯೊಬ್ಬರಿಗೂ, ಕೇಳದವರಿಗೂ, ಹೇಳಿದರು. ಹುಡುಗರ ಲೀಡರು ತಟ್ಟೆ ಹಿಡಿದು ನನ್ನ ಹಿಂದೆ ನಿಂತಿದ್ದ. ಈ ಸಲ ಆಕಾಶ ನೋಡಲಿಲ್ಲ. "ಮುಂದಿನ್ ವರ್ಷ ನಾವು ಪೈಪಿನ ಕೆಳಗೇ ನಿಂತ್ಕೋತೀವಿ ಕಣ್ರೀ," ಎಂದ.

"ಕೆಳಗೂ ಬೇಡ. ದೂರ," ಎಂದೆ.

ಸೋಮವಾರ ಮದರ್ ಆಫೀಸು. ನಾವು ಮೂವರೂ ಸಾಲಾಗಿ ನಿಂತೆವು. ಬೂದಿಕೋಟೆಯವಳ ಬಕಲ್ಲು ಹೊಸ ಚಿನ್ನದ ಹಾಗೆ ಹೊಳೆಯುತ್ತಿತ್ತು. ಇದೇ ಕೊನೆಯ ಸಲ ಆದರೂ ಆಗಬಹುದೆಂದು ಹೆಚ್ಚಾಗಿಯೇ ಉಜ್ಜಿದ್ದಳೆಂದು ಕಾಣುತ್ತದೆ. ಮದರ್ ಬೇರೇನೂ ಕೇಳಲಿಲ್ಲ.

"ಹೂ ಬ್ರಾಟ್ ಯೂ ಬ್ಯಾಕ್?"

"ವಿ ವಾಕ್ಡ್, ಮದರ್."

ಪೈಪಿನ ಕಥೆಯನ್ನೂ ಹೇಳಿದೆ, ಹೇರ್‌ಪಿನ್ನಿನ ಸಮೇತ. ಮದರ್ ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. ಬಹಳ ಹೊತ್ತು ಒರೆಸಿದರು. ಅವರ ಭುಜ ಅಲುಗುತ್ತಿದ್ದದ್ದು ನಮಗೆ ಕಾಣಿಸುತ್ತಿತ್ತು. ನಾನು ವಿಷಲನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟೆ. ಮದರ್ ಅದನ್ನು ಬೆರಳ ತುದಿಯಲ್ಲಿ ನನ್ನ ಕಡೆಗೇ ತಳ್ಳಿದರು.

"ಕೀಪ್ ಇಟ್. ಮುಂದಿನ ವರ್ಷವೂ ಬೇಕಾಗುತ್ತದಲ್ಲ."

ಹೊರಗೆ ಬಂದ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ನೋಡಿದ್ದರೆ ಕಾರಿಡಾರಿನಲ್ಲೇ ಕೂಗಿಬಿಡುತ್ತಿದ್ದೆವು. ಗೇಟು ದಾಟುವ ತನಕ ಒಳ್ಳೆಯ ಹುಡುಗಿಯರ ಹಾಗೆ ನಡೆದೆವು.

ಆ ಸಂಜೆ ನನ್ನ ಗಾಡಿಗೆ ಇನ್ನೂ ಹೊತ್ತಿತ್ತು. ಊರಿಗಾಂ ಹುಡುಗಿ, "ಅದು ಹೆಂಗೆ ಕೂಗುತ್ತೆ ಅಂತಾನೇ ಗೊತ್ತಿಲ್ವಲ್ಲಡೀ ನಮಗೆ," ಎಂದಳು. ನಿಜ. ಅಷ್ಟು ದಿನ ಕೊರಳಲ್ಲಿ ಹೊತ್ತು ತಿರುಗಿದ್ದೆವು, ಒಂದು ಸಲವೂ ಕೇಳಿರಲಿಲ್ಲ. ಸೈನೈಡ್ ದಿಬ್ಬದ ಬುಡಕ್ಕೆ ಹೋದೆವು. ಮೇಲಕ್ಕೆ ಹತ್ತಬಾರದೆಂದು ದೊಡ್ಡವರ ಅಪ್ಪಣೆ, ಸ್ವಲ್ಪವೇ ಹತ್ತಿದೆವು. ಅಲ್ಲಿಂದ ಶಾಫ್ಟಿನ ಚಕ್ರಗಳು, ಲೈನಿನ ಮನೆಗಳ ಹೊಗೆ, ಬೇತಮಂಗಲದ ಕಡೆಯಿಂದ ಬರುವ ಪೈಪಿನ ಕಪ್ಪು ಗೆರೆ, ಅದರ ಮೇಲೆ ಸಾಲಾಗಿ ಮನೆಗೆ ನಡೆದು ಬರುತ್ತಿದ್ದ ಜನ, ಎಲ್ಲ ಕಾಣುತ್ತಿತ್ತು.

ಒಬ್ಬೊಬ್ಬರು ಒಂದೊಂದು ಸಲ ಊದಿದೆವು. ಒಟ್ಟು ಮೂರಾಯಿತು. ಆಮೇಲೆ ಕಿವಿಗೊಟ್ಟು ಕಾದೆವು.

ನಮ್ಮನ್ನು ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ.